ಅಪ್ಪ-ಅಮ್ಮನ ಕೈಗೆ ಸ್ಮಾರ್ಟ್‌ವಾಚ್: ಕೊಳ್ಳುವ ಮುಂಚೆ, ಕಟ್ಟಿದ ಮೇಲೆ

ಊರಲ್ಲಿ ಅಪ್ಪ-ಅಮ್ಮ ಇಬ್ಬರೇ ಇರುವ ಮನೆಗಳು ಈಗ ಎಲ್ಲ ಕಡೆ ಇವೆ. ಮಕ್ಕಳು ಬೆಂಗಳೂರಲ್ಲೋ ದುಬೈಯಲ್ಲೋ ಇರುತ್ತಾರೆ. ಹಬ್ಬಕ್ಕೆ ಬರುವಾಗ ಒಂದು ಸ್ಮಾರ್ಟ್‌ವಾಚ್ ತರುತ್ತಾರೆ, ಕೈಗೆ ಕಟ್ಟುತ್ತಾರೆ, ನಾಲ್ಕು ದಿನಕ್ಕೆ ವಾಪಸ್ ಹೊರಡುತ್ತಾರೆ. ಮುಂದಿನ ಹಬ್ಬಕ್ಕೆ ಬಂದು ನೋಡಿದರೆ ವಾಚ್ ಶೋಕೇಸಿನಲ್ಲಿದೆ, ಚಾರ್ಜ್ ಮುಗಿದು ಎಷ್ಟೋ ದಿನವಾಗಿದೆ.

ಇದು ಹಿರಿಯರ ತಪ್ಪಲ್ಲ. ಆ ವಾಚ್ ಯಾವ ಕೆಲಸಕ್ಕೆ ಬಂತು ಅಂತ ಅವರಿಗೆ ಯಾರೂ ಹೇಳಿರುವುದಿಲ್ಲ. ಡಬ್ಬದ ಮೇಲೆ ನೂರು ಬಗೆಯ ಆಟದ ಮೋಡ್‌ಗಳ ಪಟ್ಟಿ ಇರುತ್ತದೆ. ಎಪ್ಪತ್ತು ದಾಟಿದ ಅಮ್ಮನಿಗೆ ಅದರಲ್ಲಿ ಒಂದೂ ಬೇಡ. ನನ್ನ ಪ್ರಕಾರ ಹಿರಿಯರ ವಾಚ್ ಮೂರೇ ಕೆಲಸ ಮಾಡಿದರೆ ಸಾಕು: ಬಿದ್ದಾಗ ಯಾರನ್ನಾದರೂ ಕರೆಯಬೇಕು, ಎದೆಬಡಿತ ಹದ ತಪ್ಪಿದರೆ ಹೇಳಬೇಕು, ಮಾತ್ರೆಯ ಹೊತ್ತು ನೆನಪಿಸಬೇಕು. ಕೆಳಗೆ ಬರೆದಿರುವುದೆಲ್ಲ ಈ ಮೂರನ್ನು ಸರಿಯಾಗಿ ಹೊಂದಿಸುವುದು ಹೇಗೆ ಅನ್ನುವುದರ ಬಗ್ಗೆ.

ಹಂತ 1: ಮೊದಲು ಅವರ ಫೋನ್ ನೋಡಿ, ಆಮೇಲೆ ವಾಚ್

ಜಾಸ್ತಿ ದುಡ್ಡು ಪೋಲಾಗುವುದು ಇಲ್ಲೇ. ಆಪಲ್ ವಾಚ್ ಆಂಡ್ರಾಯ್ಡ್ ಫೋನಿನ ಜೊತೆ ಕೆಲಸ ಮಾಡುವುದಿಲ್ಲ. ಸ್ಯಾಮ್‌ಸಂಗ್ ಗ್ಯಾಲಕ್ಸಿ ವಾಚ್ 4 ಮತ್ತು ಅದರ ನಂತರದವು ಐಫೋನಿಗೆ ಸೇರುವುದಿಲ್ಲ. ಅಷ್ಟೇ ಅಲ್ಲ, ಗ್ಯಾಲಕ್ಸಿ ವಾಚ್‌ನಲ್ಲಿ ಇಸಿಜಿ ಬೇಕಾದರೆ ಫೋನೂ ಸ್ಯಾಮ್‌ಸಂಗ್‌ನದ್ದೇ ಆಗಿರಬೇಕು. ಹಾಗಾಗಿ ನಿಮ್ಮ ಕೈಯಲ್ಲಿ ಯಾವ ಫೋನ್ ಇದೆ ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ, ಅವರ ಫೋನೇ ಲೆಕ್ಕ.

ಆಮೇಲೆ ಕರೆಯ ವಿಷಯ. ಎರಡು-ಮೂರು ಸಾವಿರಕ್ಕೆ ಸಿಗುವ ವಾಚ್‌ಗಳ ಮೇಲೆ 'ಬ್ಲೂಟೂತ್ ಕಾಲಿಂಗ್' ಅಂತ ದೊಡ್ಡದಾಗಿ ಬರೆದಿರುತ್ತಾರೆ. ಫೋನ್ ಹತ್ತಿರ ಇದ್ದರೆ ಮಾತ್ರ ಆ ಕರೆ ಹೋಗುತ್ತದೆ. ಬ್ಲೂಟೂತ್ ಸಾಮಾನ್ಯವಾಗಿ ಹತ್ತು ಮೀಟರಿನ ಆಸುಪಾಸು ಹಿಡಿಯುತ್ತದೆ, ನಡುವೆ ದಪ್ಪ ಗೋಡೆ ಬಂದರೆ ಅದೂ ಇಲ್ಲ. ಬಚ್ಚಲುಮನೆ ಹಿತ್ತಿಲಲ್ಲಿರುವ ಹಳೆಯ ಮನೆಗಳಲ್ಲಿ, ತೋಟಕ್ಕೆ ಹೋಗಿ ಬರುವ ಅಪ್ಪನಿಗೆ, ಇದು ಸಾಲದು. ಅವರು ಫೋನ್ ಬಿಟ್ಟು ಓಡಾಡುವವರಾದರೆ ಇ-ಸಿಮ್ ಇರುವ ವಾಚ್ ನೋಡಿ. ಅದಕ್ಕೆ ತನ್ನದೇ ಮೊಬೈಲ್ ಸಂಪರ್ಕ ಇರುತ್ತದೆ. ಆದರೆ ನಿಮ್ಮೂರಲ್ಲಿ ಆ ಕಂಪನಿಯ ಸಿಗ್ನಲ್ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಮಲೆನಾಡಿನ ಎಷ್ಟೋ ಊರುಗಳಲ್ಲಿ ಒಂದೇ ಕಂಪನಿಯ ನೆಟ್‌ವರ್ಕ್ ಹಿಡಿಯುವುದು, ಅದೂ ಅಂಗಳಕ್ಕೆ ಬಂದರೆ. ಅಂಥ ಕಡೆ ಇ-ಸಿಮ್‌ಗೆ ದುಡ್ಡು ಸುರಿಯುವ ಬದಲು ಫೋನನ್ನು ಸೊಂಟಕ್ಕೋ ಕುತ್ತಿಗೆಗೋ ಹಾಕುವ ಚಿಕ್ಕ ಚೀಲದಲ್ಲಿಟ್ಟುಕೊಳ್ಳುವ ಅಭ್ಯಾಸ ಮಾಡಿಸುವುದೇ ಮೇಲು.

ಹಂತ 2: ಅಂಗಡಿಯಲ್ಲೇ ಕನ್ನಡ ಓದಿಸಿ ನೋಡಿ

ಕಡಿಮೆ ಬೆಲೆಯ ಎಷ್ಟೋ ವಾಚ್‌ಗಳಲ್ಲಿ ಕನ್ನಡದ ಮೆಸೇಜ್ ಬಂದರೆ ಬರೀ ಚೌಕಗಳು ಕಾಣುತ್ತವೆ. ಕೆಲವದರಲ್ಲಿ ಅಕ್ಷರ ಬರುತ್ತದೆ, ಒತ್ತು ಕಿತ್ತು ಹೋಗಿರುತ್ತದೆ. ಅಂಗಡಿಯವರ ಹತ್ತಿರ ಡೆಮೊ ವಾಚ್ ಜೋಡಿಸಿಕೊಂಡು 'ಅಮ್ಮ, ಊಟ ಆಯ್ತಾ? ರಾತ್ರಿಯ ಮಾತ್ರೆ ತಗೊಂಡ್ರಾ?' ಅಂತ ಒಂದು ವಾಟ್ಸಾಪ್ ಕಳಿಸಿ. ಈ ಒಂದು ಸಾಲಿನಲ್ಲಿ ಬೇಕಾದಷ್ಟು ಒತ್ತಕ್ಷರ ಇವೆ. ಅದು ಸರಿಯಾಗಿ ಕಂಡರೆ ಉಳಿದದ್ದೂ ಕಾಣುತ್ತದೆ.

ಅದೇ ವಾಚನ್ನು ಬಾಗಿಲ ಹೊರಗೆ ಬಿಸಿಲಿಗೆ ತಂದು ನೋಡಿ. ಕನ್ನಡಕ ತೆಗೆದು ಗಂಟೆ ಓದಲು ಆಗುತ್ತದಾ? ಪಕ್ಕದಲ್ಲಿ ಒತ್ತುವ ಗುಂಡಿ ಇದೆಯಾ? ಕೈ ನಡುಗುವವರಿಗೆ, ಒದ್ದೆ ಕೈಯವರಿಗೆ, ಬರೀ ಪರದೆ ತಟ್ಟುವ ವಾಚ್ ಕಷ್ಟ. ತುರ್ತಿನ ಹೊತ್ತಿಗಂತೂ ಗುಂಡಿ ಬೇಕೇ ಬೇಕು.

ನೀರಿನ ಬಗ್ಗೆ ಒಂದು ಮಾತು. ವಾಚ್ ಮೇಲೆ '5 ಎಟಿಎಂ' ಅಥವಾ '50 ಮೀಟರ್' ಅಂತ ಇರಲಿ, ಎರಡೂ ನೀರಿನ ಒತ್ತಡ ಎಷ್ಟು ತಡೆಯುತ್ತದೆ ಅನ್ನುವ ಅಳತೆ. ಇದನ್ನು ಯಾಕೆ ಒತ್ತಿ ಹೇಳುತ್ತೇನೆ ಅನ್ನುವುದು ಐದನೇ ಹಂತದಲ್ಲಿ ಗೊತ್ತಾಗುತ್ತದೆ.

ಹಂತ 3: ಜೋಡಿಸುವುದು ಅವರ ಮನೆಯಲ್ಲಿ, ಅವರ ಹೆಸರಲ್ಲಿ

ಅವಸರದಲ್ಲಿ ಮಕ್ಕಳು ತಮ್ಮದೇ ಇಮೇಲ್ ಹಾಕಿ ಲಾಗಿನ್ ಮಾಡಿಬಿಡುತ್ತಾರೆ. ಆಗ ಅಪ್ಪನ ಎದೆಬಡಿತ ಮಗನ ಖಾತೆಯಲ್ಲಿ ಸೇರಿಕೊಳ್ಳುತ್ತದೆ. ಅವರ ಹೆಸರಿನ ಖಾತೆಯನ್ನೇ ಬಳಸಿ. ಹುಟ್ಟಿದ ಇಸವಿ, ಎತ್ತರ, ತೂಕ ಸರಿಯಾಗಿ ತುಂಬಿ. ಇದು ಬರೀ ಫಾರಂ ತುಂಬುವ ಕೆಲಸ ಅಲ್ಲ. ಆಪಲ್ ವಾಚ್‌ನಲ್ಲಿ ವಯಸ್ಸು 55 ಅಥವಾ ಅದಕ್ಕಿಂತ ಜಾಸ್ತಿ ಅಂತ ನಮೂದಾಗಿದ್ದರೆ ಬಿದ್ದದ್ದನ್ನು ಗುರುತಿಸುವ ಸೌಲಭ್ಯ ತಾನಾಗಿಯೇ ಆನ್ ಆಗುತ್ತದೆ. ಮಗನ ವಯಸ್ಸು ಹಾಕಿದ್ದರೆ ಆಗುವುದಿಲ್ಲ.

ಆಂಡ್ರಾಯ್ಡ್ ಫೋನ್ ಆದರೆ ಇನ್ನೊಂದು ಕೆಲಸ ಇದೆ, ಬಹಳ ಜನ ಬಿಡುವುದು ಇದನ್ನೇ. ಬ್ಯಾಟರಿ ಉಳಿಸಲು ಫೋನ್‌ಗಳು ಹಿಂಬದಿಯಲ್ಲಿ ಓಡುವ ಆ್ಯಪ್‌ಗಳನ್ನು ತಾವೇ ನಿಲ್ಲಿಸಿಬಿಡುತ್ತವೆ. ನೀವು ಊರಿಂದ ಹೊರಟ ಎರಡು ದಿನಕ್ಕೆ ವಾಚ್ ಮತ್ತು ಫೋನಿನ ಸಂಬಂಧ ಕಡಿದು ಹೋಗುವುದು ಇದರಿಂದಲೇ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್‌ಗಳ ಪಟ್ಟಿಗೆ ಹೋಗಿ, ವಾಚ್‌ನ ಆ್ಯಪ್ ಆರಿಸಿ, ಬ್ಯಾಟರಿ ಅನ್ನುವಲ್ಲಿ ಯಾವ ನಿರ್ಬಂಧವೂ ಬೇಡ ಅಂತ ಗುರುತು ಮಾಡಿ. ಜಾಗದ ಅನುಮತಿಯನ್ನು 'ಯಾವಾಗಲೂ' ಅಂತ ಇಡಿ. ಇಲ್ಲದಿದ್ದರೆ ತುರ್ತು ಮೆಸೇಜಿನಲ್ಲಿ ಅವರು ಎಲ್ಲಿದ್ದಾರೆ ಅನ್ನುವುದೇ ಬರುವುದಿಲ್ಲ.

ನೋಟಿಫಿಕೇಶನ್‌ಗಳಲ್ಲಿ ಕರೆ, ಮಕ್ಕಳ ಮೆಸೇಜ್, ಮಾತ್ರೆಯ ನೆನಪು ಇಷ್ಟು ಬಿಟ್ಟು ಎಲ್ಲ ಬಂದ್ ಮಾಡಿ. ನೆಂಟರ ವಾಟ್ಸಾಪ್ ಗುಂಪಿನ ಶುಭೋದಯಕ್ಕೆಲ್ಲ ಕೈ ನಡುಗುತ್ತಿದ್ದರೆ ಯಾರಾದರೂ ವಾಚ್ ಬಿಚ್ಚಿಡುತ್ತಾರೆ.

ಹಂತ 4: ಕಟ್ಟುವ ರೀತಿ

ವಾಚ್ ತಿರುಗಿಸಿ ನೋಡಿದರೆ ಹಸಿರು ಬೆಳಕು ಮಿನುಗುವುದು ಕಾಣುತ್ತದೆ. ರಕ್ತ ಹಸಿರು ಬೆಳಕನ್ನು ಚೆನ್ನಾಗಿ ಹೀರಿಕೊಳ್ಳುತ್ತದೆ. ಎದೆ ಒಮ್ಮೆ ಬಡಿದಾಗ ಮಣಿಕಟ್ಟಿಗೆ ರಕ್ತ ಜಾಸ್ತಿ ಬರುತ್ತದೆ, ವಾಪಸ್ ಬರುವ ಬೆಳಕು ಕಡಿಮೆಯಾಗುತ್ತದೆ. ಈ ಏರಿಳಿತ ಎಣಿಸಿಯೇ ವಾಚ್ ಎದೆಬಡಿತ ಹೇಳುವುದು. ಆದ್ದರಿಂದ ಚರ್ಮಕ್ಕೂ ವಾಚಿಗೂ ನಡುವೆ ಸಂದು ಇದ್ದರೆ ಹೊರಗಿನ ಬೆಳಕು ನುಗ್ಗಿ ಲೆಕ್ಕ ಕೆಡುತ್ತದೆ.

ಮಣಿಕಟ್ಟಿನ ಮೂಳೆಯಿಂದ ಒಂದು ಬೆರಳಗಲ ಮೇಲೆ ಕಟ್ಟಿ. ಬಿಗಿ ಇರಲಿ, ಗುರುತು ಬೀಳುವಷ್ಟು ಬೇಡ. ಅಮ್ಮ ಎರಡೂ ಕೈಗೆ ಬಳೆ ಹಾಕುತ್ತಾರೆ ಅಂದರೆ ಬಳೆಗಳ ಮೇಲ್ಗಡೆ, ಮೊಣಕೈ ಕಡೆಗೆ ವಾಚ್ ಬರಲಿ. ಬಳೆ ತಾಗಿ ತಾಗಿ ವಾಚ್ ಅಲ್ಲಾಡಿದರೆ ಓದುವುದು ತಪ್ಪಾಗುತ್ತದೆ, ಗಾಜಿಗೂ ಗೀರು ಬೀಳುತ್ತದೆ. ಬಳೆ ತೆಗೆಯಿರಿ ಅಂತ ಮಾತ್ರ ಹೇಳಬೇಡಿ. ಅವರು ತೆಗೆಯುವುದು ವಾಚನ್ನೇ.

ರಬ್ಬರಿನಂಥ ಬೆಲ್ಟ್‌ನ ಅಡಿಯಲ್ಲಿ ಬೆವರು, ಸೋಪು ನಿಂತು ತುರಿಕೆ ಬರುತ್ತದೆ. ಕರಾವಳಿಯ ಸೆಕೆಗೆ ಇದು ಮಾಮೂಲು. ದಿನಕ್ಕೊಮ್ಮೆ ಬಿಚ್ಚಿ, ಸಾದಾ ನೀರಲ್ಲಿ ತೊಳೆದು, ಒಣಗಿಸಿ ಕಟ್ಟಿದರೆ ಸಾಕು. ತುರಿಕೆ ನಿಲ್ಲದಿದ್ದರೆ ಬಟ್ಟೆಯ ಬೆಲ್ಟ್ ಹಾಕಿಸಿ.

ಕಟ್ಟಿದ ಮೇಲೆ ಒಂದು ಪರೀಕ್ಷೆ ಮಾಡಿ. ಅವರನ್ನು ಐದು ನಿಮಿಷ ಸುಮ್ನೆ ಕೂರಿಸಿ. ಇನ್ನೊಂದು ಕೈಯ ನಾಡಿ ಹಿಡಿದು ಪೂರಾ ಒಂದು ನಿಮಿಷ ಎಣಿಸಿ. ವಾಚ್ ತೋರಿಸುವುದಕ್ಕೂ ನಿಮ್ಮ ಎಣಿಕೆಗೂ ನಾಲ್ಕೈದಕ್ಕಿಂತ ಜಾಸ್ತಿ ವ್ಯತ್ಯಾಸ ಬರುತ್ತಲೇ ಇದ್ದರೆ ಬೆಲ್ಟ್ ಸರಿ ಮಾಡಿ. ಆಗಲೂ ಸರಿ ಹೋಗದಿದ್ದರೆ ವಾಚ್ ವಾಪಸ್ ಕೊಡಿ.

ಪೇಸ್‌ಮೇಕರ್ ಹಾಕಿಸಿಕೊಂಡವರಿದ್ದರೆ ಕೊಳ್ಳುವ ಮೊದಲೇ ಅವರ ಹೃದಯದ ಡಾಕ್ಟರನ್ನು ಕೇಳಿ. ಚಾರ್ಜರಿನಲ್ಲಿ, ಕೆಲವು ಬೆಲ್ಟ್‌ಗಳಲ್ಲಿ ಅಯಸ್ಕಾಂತ ಇರುತ್ತದೆ, ಅದು ಎದೆಯ ಹತ್ತಿರ ಬರಬಾರದು. ಮೈಯ ಕೊಬ್ಬು ಅಳೆಯುವ ಸೌಲಭ್ಯ ಇರುವ ವಾಚ್‌ಗಳು ದೇಹದೊಳಗೆ ಸಣ್ಣ ಕರೆಂಟು ಹಾಯಿಸುತ್ತವೆ. ಪೇಸ್‌ಮೇಕರ್ ಇದ್ದವರು ಅದನ್ನು ಬಳಸಲೇಬಾರದು.

ಹಂತ 5: ಬಿದ್ದಾಗ ಕರೆಯುವ ವ್ಯವಸ್ಥೆ

ಇಡೀ ಲೇಖನದಲ್ಲಿ ಇದೊಂದನ್ನು ಮಾಡಿದರೂ ನನಗೆ ಸಮಾಧಾನ.

ಕೈ ರಭಸದಿಂದ ಕೆಳಗಿಳಿದು, ಜೋರಾಗಿ ತಗುಲಿ, ಆಮೇಲೆ ಅಲ್ಲಾಡದೆ ಇದ್ದರೆ ವಾಚ್ ಅದನ್ನು ಬಿದ್ದದ್ದು ಅಂತ ಊಹಿಸುತ್ತದೆ. ಆಪಲ್ ಇದನ್ನು 2018ರ ಸೀರೀಸ್ 4ರಲ್ಲಿ ತಂದಿತು. ಈಗ ಸ್ಯಾಮ್‌ಸಂಗ್‌ನಲ್ಲೂ ಇದೆ. ಮೊದಲು ವಾಚ್ ಅಲುಗಿ 'ಬಿದ್ದಿರಾ?' ಅಂತ ಕೇಳುತ್ತದೆ. ಉತ್ತರ ಬಾರದೆ, ಮನುಷ್ಯ ಸುಮಾರು ಒಂದು ನಿಮಿಷ ಅಲ್ಲಾಡದೆ ಇದ್ದರೆ ಆಪಲ್ ವಾಚ್ ತಾನೇ ತುರ್ತು ಸಂಖ್ಯೆಗೆ ಕರೆ ಹಚ್ಚುತ್ತದೆ, ನೀವು ಸೇರಿಸಿದ ಹೆಸರುಗಳಿಗೆ ಜಾಗದ ಸಮೇತ ಮೆಸೇಜ್ ಕಳಿಸುತ್ತದೆ. ನಮ್ಮ ದೇಶದಲ್ಲಿ ಆ ಸಂಖ್ಯೆ 112.

ತುರ್ತು ಹೆಸರುಗಳ ಪಟ್ಟಿಯಲ್ಲಿ ಮೊದಲು ಯಾರು ಇರಬೇಕು? ಅಮೆರಿಕದಲ್ಲಿರುವ ಮಗನಲ್ಲ. ಊರಲ್ಲಿ ಬೆಳಗ್ಗೆ ಆದಾಗ ಅವನಿಗೆ ರಾತ್ರಿ. ಫೋನ್ ಎತ್ತಿದರೂ ಅವನೇನು ಮಾಡಲು ಸಾಧ್ಯ? ಎದುರು ಮನೆಯವರು, ಅದೇ ಊರಲ್ಲಿರುವ ಚಿಕ್ಕಪ್ಪ ಅಥವಾ ಅಕ್ಕನ ಮಗ, ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರಬಲ್ಲವರು ಮೊದಲು. ಮಕ್ಕಳು ಆಮೇಲೆ. ಹೆಸರು ಹಾಕುವ ಮುಂಚೆ ಅವರ ಮನೆಗೇ ಹೋಗಿ ಮಾತಾಡಿ. ಮೆಸೇಜ್ ಹೀಗೆ ಬರುತ್ತದೆ, ಇದನ್ನು ಒತ್ತಿದರೆ ನಕ್ಷೆ ತೆರೆಯುತ್ತದೆ, ಹಿಂಬಾಗಿಲಿನ ಕೀಲಿ ಇಲ್ಲಿರುತ್ತದೆ ಅಂತ ತೋರಿಸಿ. ಒಳಗಿನಿಂದ ಚಿಲಕ ಹಾಕಿಕೊಂಡು ಸ್ನಾನಕ್ಕೆ ಹೋಗುವ ಅಭ್ಯಾಸ ಇದ್ದರೆ ಬಚ್ಚಲಿಗಾದರೂ ಹೊರಗಿಂದ ತೆಗೆಯಬಹುದಾದ ಚಿಲಕ ಹಾಕಿಸಿ. ವಾಚ್ ಕರೆದರೂ ಬಾಗಿಲು ತೆಗೆಯದಿದ್ದರೆ ಏನು ಪ್ರಯೋಜನ?

ಈಗ ಬಚ್ಚಲಿನ ಮಾತು. ಹಿರಿಯರು ಜಾರಿ ಬೀಳುವ ಅಪಾಯ ಒದ್ದೆ ನೆಲದಲ್ಲೇ ಜಾಸ್ತಿ. ಆದರೆ ವಾಚ್ ಕಟ್ಟುವವರಲ್ಲಿ ಹೆಚ್ಚಿನವರು ಸ್ನಾನಕ್ಕೆ ಹೋಗುವಾಗ ಅದನ್ನು ಬಿಚ್ಚಿ ಚಾರ್ಜಿಗೆ ಇಡುತ್ತಾರೆ! ಎಷ್ಟೋ ಕಡೆ ಹಾಗೇ ಮಾಡಿ ಅಂತ ಸಲಹೆಯೂ ಕೊಡುತ್ತಾರೆ. ಹಿರಿಯರ ವಿಷಯದಲ್ಲಿ ಅದು ತಪ್ಪು ಸಲಹೆ. ವಾಚ್ ಸ್ನಾನಕ್ಕೂ ಕೈಯಲ್ಲೇ ಇರಲಿ. 50 ಮೀಟರ್ ಅಂತ ಬರೆದ ವಾಚ್ ತಂಬಿಗೆಯಲ್ಲಿ ಸುರಿದುಕೊಳ್ಳುವ ನೀರಿಗೆ ಹೆದರಬೇಕಿಲ್ಲ. ಸೋಪು, ಶಾಂಪೂ, ಕುದಿಯುವ ಬಿಸಿನೀರಿನ ಹಬೆ ಒಳಗಿನ ರಬ್ಬರ್ ಅಂಚಿಗೆ ಒಳ್ಳೆಯದಲ್ಲ, ಹಾಗಾಗಿ ಆ ಕೈಗೆ ಸೋಪು ಕಡಿಮೆ ಹಚ್ಚಿ ಕೊನೆಗೆ ಸಾದಾ ನೀರು ಹಾಕಿದರೆ ಆಯಿತು. ವಾಚ್ ಎರಡು ವರ್ಷ ಬೇಗ ಹಾಳಾದರೂ ಚಿಂತೆಯಿಲ್ಲ. ಬ್ಲೂಟೂತ್ ವಾಚ್ ಆದರೆ ಫೋನನ್ನು ಬಚ್ಚಲ ಬಾಗಿಲ ಹೊರಗೆ ಇಡುವ ಒಂದು ಮೊಳೆ, ಒಂದು ಚೀಲ ಹೊಡೆಸಿ.

ಈ ಸೌಲಭ್ಯ ಎಲ್ಲ ಬೀಳುವಿಕೆಯನ್ನೂ ಹಿಡಿಯುವುದಿಲ್ಲ. ತಲೆ ಸುತ್ತಿ ಗೋಡೆ ಹಿಡಿದು ಮೆಲ್ಲಗೆ ಕುಸಿದರೆ ಅದಕ್ಕೆ ತಿಳಿಯದೆ ಹೋಗಬಹುದು. ಇನ್ನೊಂದು ಕಡೆ, ಕಲ್ಲಿನ ಮೇಲೆ ಬಟ್ಟೆ ಕುಕ್ಕುವಾಗ, ತೆಂಗಿನಕಾಯಿ ಒಡೆಯುವಾಗ, ಭಜನೆಯಲ್ಲಿ ಜೋರಾಗಿ ತಾಳ ಹಾಕುವಾಗ ಸುಳ್ಳು ಸೂಚನೆ ಬರಬಹುದು. ಆಗ 'ನಾನು ಚೆನ್ನಾಗಿದ್ದೇನೆ' ಅನ್ನುವುದನ್ನು ಒತ್ತುವುದು ಹೇಗೆ ಅಂತ ಮೊದಲೇ ಕಲಿಸಿ. ಇಲ್ಲದಿದ್ದರೆ ಮೊದಲ ಸುಳ್ಳು ಕರೆಗೇ ಗಾಬರಿಯಾಗಿ ವಾಚ್ ಬಿಚ್ಚಿಡುತ್ತಾರೆ.

ಮೆಲ್ಲಗೆ ಕುಸಿದವರಿಗೆ ಇರುವುದು ಗುಂಡಿ. ಆಪಲ್‌ನಲ್ಲಿ ಪಕ್ಕದ ಗುಂಡಿ ಒತ್ತಿ ಹಿಡಿಯಬೇಕು, ಸ್ಯಾಮ್‌ಸಂಗ್‌ನಲ್ಲಿ ಹೋಮ್ ಗುಂಡಿಯನ್ನು ಬೇಗ ಬೇಗ ಹಲವು ಸಲ ಒತ್ತಬೇಕು. ನೀವು ಊರಲ್ಲಿರುವಾಗ ದಿನಕ್ಕೊಂದು ಸಲ ಅವರ ಕೈಯಲ್ಲೇ ಮಾಡಿಸಿ, ಕರೆ ಹೋಗುವ ಮೊದಲು ರದ್ದು ಮಾಡಿಸಿ. ಕಣ್ಣು ಮುಚ್ಚಿಕೊಂಡು ಗುಂಡಿ ಹುಡುಕಲು ಬರಬೇಕು.

ಹಂತ 6: ಎದೆಬಡಿತದ ಸೂಚನೆ

ವಿಶ್ರಾಂತಿಯಲ್ಲಿರುವ ದೊಡ್ಡವರ ಎದೆಬಡಿತ ನಿಮಿಷಕ್ಕೆ 60ರಿಂದ 100ರ ನಡುವೆ ಇರುವುದು ಸಾಮಾನ್ಯ. ಆದರೆ ಬಿಪಿಗೋ ಹೃದಯಕ್ಕೋ ಮೆಟೊಪ್ರೊಲಾಲ್, ಅಟೆನೊಲಾಲ್ ಥರದ ಮಾತ್ರೆ ತಗೊಳ್ಳುವವರಿಗೆ ಇದಕ್ಕಿಂತ ಕಡಿಮೆ ಇರಬಹುದು, ಮಾತ್ರೆಯ ಕೆಲಸವೇ ಅದು. ಹಾಗಾಗಿ ಜಾಸ್ತಿ, ಕಡಿಮೆ ಅನ್ನುವ ಎರಡು ಗಡಿಗಳನ್ನು ಡಾಕ್ಟರನ್ನು ಕೇಳಿಯೇ ಹಾಕಿ.

ಇದರ ಜೊತೆಗೆ 'ಅನಿಯಮಿತ ಬಡಿತ' ಅನ್ನುವ ಸೂಚನೆ ಇದೆ. ವಯಸ್ಸಾದವರಿಗೆ ಇದು ನಿಜಕ್ಕೂ ಉಪಯೋಗದ್ದು. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಅದುರುವ ತೊಂದರೆಗೆ ಏಟ್ರಿಯಲ್ ಫಿಬ್ರಿಲೇಶನ್ ಅನ್ನುತ್ತಾರೆ. ಆಗ ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟಬಹುದು, ಆ ಹೆಪ್ಪು ಮಿದುಳಿಗೆ ಹೋದರೆ ಪಾರ್ಶ್ವವಾಯು. ಎಷ್ಟೋ ಜನಕ್ಕೆ ಇದರ ಯಾವ ಲಕ್ಷಣವೂ ಕಾಣುವುದಿಲ್ಲ.

ಇದನ್ನು ಎಷ್ಟು ನಂಬಬಹುದು? ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಮತ್ತು ಆಪಲ್ ಸೇರಿ ನಾಲ್ಕು ಲಕ್ಷಕ್ಕೂ ಜಾಸ್ತಿ ಜನರ ಮೇಲೆ ನಡೆಸಿದ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು. ಸೂಚನೆ ಬಂದದ್ದು ಸುಮಾರು ಶೇಕಡಾ 0.5 ಜನರಿಗೆ ಮಾತ್ರ. ಅವರಲ್ಲಿ ಆಮೇಲೆ ಎದೆಗೆ ಇಸಿಜಿ ಪಟ್ಟಿ ಅಂಟಿಸಿಕೊಂಡು ಪರೀಕ್ಷೆ ಮಾಡಿಸಿಕೊಂಡವರ ಪೈಕಿ ಶೇಕಡಾ 34 ಮಂದಿಯಲ್ಲಿ ತೊಂದರೆ ಖಚಿತವಾಯಿತು. ಇದು ಬಂದು ಹೋಗುವ ತೊಂದರೆ ಆದ್ದರಿಂದ ಪಟ್ಟಿ ಹಾಕಿದ ದಿನ ಕಾಣದೆಯೂ ಇರಬಹುದು. ಅಂದರೆ ಸೂಚನೆ ಬಂದರೆ ಗಾಬರಿ ಬೀಳಬೇಡಿ, ಆದರೆ ಆ ವಾರದಲ್ಲೇ ಡಾಕ್ಟರ ಹತ್ತಿರ ಹೋಗಿ. ಸೂಚನೆ ಬಂದಿಲ್ಲ ಅಂದ ಮಾತ್ರಕ್ಕೆ ಹೃದಯ ಚೆನ್ನಾಗಿದೆ ಅಂತಲೂ ಅಲ್ಲ.

ಇಸಿಜಿ ಇರುವ ವಾಚ್‌ನಲ್ಲಿ ಇನ್ನೊಂದು ಕೈಯ ಬೆರಳನ್ನು ಗುಂಡಿಯ ಮೇಲೆ 30 ಸೆಕೆಂಡ್ ಇಟ್ಟರೆ ಒಂದು ಗೆರೆ ಮೂಡುತ್ತದೆ. ಆಸ್ಪತ್ರೆಯ ಇಸಿಜಿ ಹೃದಯವನ್ನು ಹನ್ನೆರಡು ದಿಕ್ಕಿನಿಂದ ನೋಡುತ್ತದೆ, ವಾಚ್ ನೋಡುವುದು ಒಂದೇ ದಿಕ್ಕಿನಿಂದ. ಹೃದಯಾಘಾತವನ್ನು ವಾಚ್ ಗುರುತಿಸುವುದಿಲ್ಲ. ಇದನ್ನು ಅಪ್ಪ-ಅಮ್ಮನಿಗೆ ಬಿಡಿಸಿ ಹೇಳಿ. ಎದೆ ಹಿಂಡಿದ ಹಾಗೆ ಆದರೆ, ಎಡಗೈ ಅಥವಾ ದವಡೆಗೆ ನೋವು ಹರಿದರೆ, ತಣ್ಣಗೆ ಬೆವರಿದರೆ ವಾಚ್ ನೋಡುತ್ತಾ ಕೂರಬಾರದು. 'ವಾಚ್‌ನಲ್ಲಿ ಎಲ್ಲ ಸರಿಯಾಗೇ ಇದೆ' ಅಂತ ಮಲಗಲೂಬಾರದು. 108ಕ್ಕೆ ಕರೆ ಮಾಡಬೇಕು. ಕರ್ನಾಟಕದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತ ಅಂತ ಗೊತ್ತಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಇದೆ. ನಿಮ್ಮೂರಿಗೆ ಹತ್ತಿರದ ಅಂಥ ಆಸ್ಪತ್ರೆ ಯಾವುದು ಅಂತ ಈಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಹಂತ 7: ಬಿಪಿ, ಶುಗರ್ ತೋರಿಸುತ್ತದೆ ಅಂದರೆ

ಚುಚ್ಚದೆ ರಕ್ತದ ಸಕ್ಕರೆ ಅಳೆಯುತ್ತದೆ ಅಂತ ಮಾರುವ ವಾಚ್, ಉಂಗುರ ಯಾವುದನ್ನೂ ಕೊಳ್ಳಬೇಡಿ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಇಂಥವನ್ನು ಬಳಸಬೇಡಿ ಅಂತ ಎಚ್ಚರಿಕೆ ಕೊಟ್ಟಿತು, ತಾನು ಅಂಥ ಒಂದನ್ನೂ ಒಪ್ಪಿಲ್ಲ ಅಂತ ಹೇಳಿತು. ಸುಳ್ಳು ಸಂಖ್ಯೆ ನೋಡಿ ಇನ್ಸುಲಿನ್ ಜಾಸ್ತಿ ತಗೊಂಡರೆ ಪ್ರಾಣಕ್ಕೇ ಅಪಾಯ. ಸದಾ ಸಕ್ಕರೆ ನೋಡುತ್ತಿರಬೇಕಾದವರಿಗೆ ತೋಳಿಗೆ ಅಂಟಿಸುವ ಸೆನ್ಸರ್‌ಗಳಿವೆ. ಅವುಗಳ ಸಣ್ಣ ಎಳೆ ಚರ್ಮದ ಕೆಳಗೆ ಹೋಗುತ್ತದೆ. ಫ್ರೀಸ್ಟೈಲ್ ಲಿಬ್ರೆ ಥರದವು 14 ದಿನ ಬರುತ್ತವೆ. ಡಾಕ್ಟರು ಹೇಳಿದರೆ ಮಾತ್ರ ಅವು.

ಬಿಪಿಯ ಕಥೆ ಸ್ವಲ್ಪ ಬೇರೆ. ಸ್ಯಾಮ್‌ಸಂಗ್‌ನಂಥ ಕಂಪನಿಯ ವಾಚ್ ಕೂಡ ತಾನಾಗಿ ಬಿಪಿ ಅಳೆಯುವುದಿಲ್ಲ. ತೋಳಿಗೆ ಕಟ್ಟುವ ಸಾಧನದಿಂದ ಪ್ರತಿ 28 ದಿನಕ್ಕೊಮ್ಮೆ ಅಳೆದು ಅದಕ್ಕೆ ಹೇಳಿಕೊಡಬೇಕು. ಅಷ್ಟು ಮಾಡುವ ಬದಲು ತೋಳಿಗೆ ಕಟ್ಟುವ ಒಂದು ಬಿಪಿ ಮಷೀನ್ ತಂದು ಅದನ್ನೇ ನಂಬುವುದು ವಾಸಿ.

ಆಕ್ಸಿಜನ್ ಅಳತೆಗೆ ಕೆಂಪು ಮತ್ತು ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಬಳಸುತ್ತಾರೆ. ಕೈ ತಣ್ಣಗಿದ್ದರೆ, ಅಲ್ಲಾಡಿದರೆ ತಪ್ಪು ತೋರಿಸುತ್ತದೆ. ಕಡಿಮೆ ಬಂದರೆ ಬೆರಳಿಗೆ ಹಾಕುವ ಆಕ್ಸಿಮೀಟರಿನಲ್ಲಿ ಇನ್ನೊಮ್ಮೆ ನೋಡಿ. 2021ರಲ್ಲಿ ಕೊಂಡದ್ದು ಬಹಳ ಮನೆಗಳಲ್ಲಿ ಇನ್ನೂ ಇರುತ್ತದೆ, ಸೆಲ್ ಬದಲಿಸಿದರೆ ಆಯಿತು.

ಹಂತ 8: ಹೆಜ್ಜೆ, ಮಾತ್ರೆ, ಚಾರ್ಜು

ಹೆಜ್ಜೆಯ ಗುರಿ 10,000 ಅಂತ ವಾಚ್‌ನಲ್ಲಿ ಮೊದಲೇ ಇದ್ದರೆ ತೆಗೆದುಹಾಕಿ. ಆ ಸಂಖ್ಯೆ ಶುರುವಾದದ್ದು 1965ರಲ್ಲಿ ಜಪಾನಿನ ಒಂದು ಹೆಜ್ಜೆ ಎಣಿಸುವ ಯಂತ್ರದ ಹೆಸರಿನಿಂದ. ಸರಾಸರಿ 72 ವರ್ಷದ ಹೆಂಗಸರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ, ದಿನಕ್ಕೆ ಸುಮಾರು 4,400 ಹೆಜ್ಜೆ ಹಾಕುವವರಲ್ಲೇ ಸಾವಿನ ಪ್ರಮಾಣ ಕಡಿಮೆ ಇರುವುದು ಕಂಡಿತು, 7,500ರ ನಂತರ ಹೆಚ್ಚಿನ ಲಾಭ ಕಾಣಲಿಲ್ಲ. ಈಗ ಎಷ್ಟು ನಡೆಯುತ್ತಾರೋ ಅದಕ್ಕಿಂತ ಐನೂರು ಜಾಸ್ತಿ ಇಡಿ, ಸಾಕು. ಮಂಡಿ ನೋವು ಇದ್ದವರಿಗೆ ಗುರಿಯೇ ಬೇಡ.

ಮಾತ್ರೆಗೆ ಒಂದೊಂದು ಹೊತ್ತಿಗೆ ಒಂದೇ ಅಲಾರಂ ಹಾಕಿ. ಹೆಸರು ಬರೆಯಲು ಬಂದರೆ 'ತಿಂಡಿ ಆದಮೇಲೆ, ಬಿಳಿ ಮಾತ್ರೆ' ಅಂತ ಅವರು ಆಡುವ ಮಾತಲ್ಲೇ ಬರೆಯಿರಿ. ಕಿವಿ ಮಂದವಾದವರಿಗೆ ಕೈಗೆ ತಾಗುವ ಅದುರುವಿಕೆ ಫೋನಿನ ಸದ್ದಿಗಿಂತ ಚೆನ್ನಾಗಿ ತಿಳಿಯುತ್ತದೆ. ಫೋನ್ ಹುಡುಕುವ ಗುಂಡಿಯನ್ನೂ ತೋರಿಸಿಕೊಡಿ. ಮನೆಯಲ್ಲಿ ದಿನಾ ನಾಲ್ಕು ಸಲ ಉಪಯೋಗಕ್ಕೆ ಬರುವುದು ಅದೇ.

ಚಾರ್ಜಿಗೆ ಒಂದು ಗೊತ್ತಾದ ಹೊತ್ತು ಬೇಕು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿ ಕಾರ್ಖಾನೆಯ ವಾಚ್ ಕಟ್ಟಿ ಬೆಳೆದವರು ಇವರು. ದಿನಾ ಬೆಳಗ್ಗೆ ವಾಚಿಗೆ ಕೀ ಕೊಡುವುದು ಅವರಿಗೆ ಹೊಸದಲ್ಲ, ಚಾರ್ಜೂ ಹಾಗೆಯೇ ಅಂತ ಹೇಳಿ. ಸಂಜೆ ಟಿವಿ ನೋಡಲು ಕೂರುವ ಹೊತ್ತು ಒಳ್ಳೆಯದು, ಆಗ ಒಂದೇ ಕಡೆ ಕೂತಿರುತ್ತಾರೆ. ಚಾರ್ಜರನ್ನು ಅವರ ಕುರ್ಚಿ ಪಕ್ಕವೇ ಖಾಯಂ ಸಿಕ್ಕಿಸಿಡಿ.

ಹಂತ 9: ಊರು ಬಿಟ್ಟ ಮೇಲೆ

ಮಾಹಿತಿ ನಿಮ್ಮ ಫೋನಿಗೂ ಬರುವ ಹಾಗೆ ಮಾಡಬಹುದು. ಆದರೆ ಅವರನ್ನು ಕೇಳಿ ಮಾಡಿ. ಯಾವಾಗ ಮಲಗಿದರು, ಎಲ್ಲಿಗೆ ಹೋದರು ಅನ್ನುವುದೆಲ್ಲ ಅವರ ಬದುಕು. ತುರ್ತು ಸೂಚನೆ ಮತ್ತು ಎದೆಬಡಿತ ಹಂಚಿಕೊಂಡರೆ ಸಾಕು. 'ನಿನ್ನೆ ರಾತ್ರಿ ಒಂದು ಗಂಟೆಗೆ ಯಾಕೆ ಎದ್ದಿದ್ದೀರಿ?' ಅಂತ ದಿನಾ ಕೇಳುವ ಮಗಳಿಗೆ ಹೆದರಿ ವಾಚ್ ಬಿಚ್ಚಿಡುವ ಅಮ್ಮಂದಿರು ಇದ್ದಾರೆ. ನಿದ್ದೆಯ ಅಂಕಗಳು ಹೇಗೂ ಕೈಯ ಅಲುಗಾಟ ಮತ್ತು ಎದೆಬಡಿತ ನೋಡಿ ಮಾಡಿದ ಅಂದಾಜು ಅಷ್ಟೇ.

ತಿಂಗಳಿಗೊಮ್ಮೆ ವಿಡಿಯೋ ಕಾಲ್‌ನಲ್ಲಿ ಮೂರು ವಿಷಯ ನೋಡಿ: ವಾಚ್ ಫೋನಿಗೆ ಸೇರಿಕೊಂಡಿದೆಯಾ, ತುರ್ತು ಹೆಸರಿನವರು ಊರಲ್ಲೇ ಇದ್ದಾರಾ, ಬೆಲ್ಟ್‌ನ ಅಡಿ ಚರ್ಮ ಚೆನ್ನಾಗಿದೆಯಾ. ಡಾಕ್ಟರ ಹತ್ತಿರ ಹೋಗುವಾಗ ವಾಚ್‌ನ ಎಲ್ಲ ಗ್ರಾಫ್‌ಗಳನ್ನು ತೋರಿಸಿದರೆ ಅವರಿಗೆ ನೋಡಲು ಪುರಸೊತ್ತಿರುವುದಿಲ್ಲ. ಅನಿಯಮಿತ ಬಡಿತದ ಸೂಚನೆ ಬಂದಿದ್ದರೆ ಆ ಇಸಿಜಿಯನ್ನು ಪಿಡಿಎಫ್ ಮಾಡಿ ಪ್ರಿಂಟ್ ತೆಗೆಸಿ. ಯಾವ ದಿನ, ಎಷ್ಟು ಹೊತ್ತಿಗೆ, ಆಗ ಏನು ಮಾಡುತ್ತಿದ್ದರು, ಯಾವ ಮಾತ್ರೆ ತಗೊಂಡಿದ್ದರು, ತಲೆ ಸುತ್ತಿತಾ ಅನ್ನುವುದನ್ನು ಅದರ ಹಿಂದೆ ಪೆನ್ನಲ್ಲಿ ಬರೆದು ಮಾತ್ರೆ ಚೀಟಿಗಳ ಕವರಿನಲ್ಲಿ ಹಾಕಿಡಿ.